ಎಂಟು ತಿಂಗಳು ಎಂದವರು ಯಾರು

೧೯೭೯ರ ಜೂನ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಕಮಲಾಕ್ಷಮ್ಮ ಕಡೂರು ಠಾಣೆಯ ಮೆಟ್ಟಿಲು ಹತ್ತಿದಾಗ ಹೆಡ್ ಕಾನ್‌ಸ್ಟೆಬಲ್ ಬೆನಕಪ್ಪ ಠಾಣಾ ದಿನಚರಿ ಬರೆಯುತ್ತಿದ್ದ. ಅವಳು ಹಿರೇನಲ್ಲೂರಿನಲ್ಲಿ ಹೊಲಿಗೆ ಕಲಿಸುವ ಟೀಚರು, ಊರಿನಲ್ಲಿ ಬೆನಕಪ್ಪನ ಪಕ್ಕದ ಮನೆಯ ಹುಡುಗಿ. ಸದಾ 'ಬೆನಕಪ್ಪಣ್ಣ' ಎನ್ನುತ್ತಿದ್ದವಳು ಅಂದು 'ಸಾರ್' ಎಂದಳು. ಅವನು ಪೆನ್ನು ಕೆಳಗಿಟ್ಟ.

ಸಬ್ ಇನ್‌ಸ್ಪೆಕ್ಟರ್ ಶ್ರೀನಿವಾಸಮೂರ್ತಿಯವರ ಮೇಜಿನ ಮೇಲೆ ಅವಳು ಒಂದು ಇನ್‌ಲ್ಯಾಂಡ್ ಪತ್ರ ಇಟ್ಟಳು. ಸಹಿ ಇರಲಿಲ್ಲ. ಅಜ್ಜಂಪುರದ ಅಂಚೆ ಮುದ್ರೆ ಇತ್ತು.

"ನೀನು ಕ್ಷಯ ಹಿಡಿದು ಎಂಟು ತಿಂಗಳು ಸ್ಯಾನಟೋರಿಯಂನಲ್ಲಿದ್ದದ್ದು ನನಗೆ ಗೊತ್ತು. ವಿಮಾ ಕಚೇರಿಗೆ ಕೊಟ್ಟ ದೂರನ್ನು ಶನಿವಾರದೊಳಗೆ ವಾಪಸು ತೆಗೆದುಕೊಳ್ಳದಿದ್ದರೆ ತರೀಕೆರೆಯ ಗಂಡಿನ ಮನೆಗೂ ಗೊತ್ತಾಗುತ್ತದೆ."

"ದೂರು ಯಾರ ಮೇಲೆ?" ಶ್ರೀನಿವಾಸಮೂರ್ತಿ ಕೇಳಿದರು.

"ಏಜೆಂಟ್ ಶಿವಮೂರ್ತಪ್ಪನ ಮೇಲೆ ಸಾರ್. ಎರಡು ವರ್ಷದಿಂದ ನನ್ನ ಕಂತು ಇಸ್ಕೊಂಡು ಕಟ್ಟೇ ಇಲ್ಲ."

"ಕಾಯಿಲೆ ವಿಷಯ ಯಾರ್ಯಾರಿಗೆ ಗೊತ್ತು?"

"ಡಾಕ್ಟ್ರಿಗೆ. ನಮ್ಮವ್ವಂಗೆ ಗೊತ್ತಿತ್ತು, ಅವಳು ಹೋಗ್ಬಿಟ್ಲು. ಆಮೇಲೆ ಏಜೆಂಟಿಗೆ." ಅವಳು ಸೆರಗು ಸರಿಮಾಡಿಕೊಂಡಳು. "ಇನ್ನೊಬ್ರಿಗೂ ಗೊತ್ತು. ಅವ್ರು ಇಂಥಾದ್ದು ಬರೆಯೋರಲ್ಲ."

ಬೆನಕಪ್ಪ ತಲೆ ಎತ್ತಲಿಲ್ಲ. ಆ ಇನ್ನೊಬ್ಬ ಅವನೇ.

ಎಫ್‌ಐಆರ್ ಬರೆಯಲು ಅವನು ಕಾರ್ಬನ್ ಹಾಳೆ ಜೋಡಿಸುತ್ತಿದ್ದಾಗ ಅವಳು ಕೇಳಿದಳು: "ಇದನ್ನ ಯಾರ್ಯಾರು ಓದ್ತಾರೆ ಸಾರ್?"

ಶ್ರೀನಿವಾಸಮೂರ್ತಿ ಹಾಳೆಗಳ ಕಡೆ ನೋಡಿದರು. "ಕಾಯಿಲೆ ಹೆಸರು ಬರೀಬೇಡಿ ಬೆನಕಪ್ಪ. 'ಖಾಸಗಿ ವಿಷಯ' ಅಂತಷ್ಟೇ ಬರೀರಿ. ಪತ್ರ ಲಕೋಟೆಗೆ ಹಾಕಿ ಅರಗು ಹಚ್ಚಿ."

ಮಂಗಳವಾರ ವಿಮಾ ಕಚೇರಿಯಿಂದ ಅವಳ ಅರ್ಜಿ ಫಾರಂ ಇದ್ದ ಕಡತ ತರಿಸಿದರು. ಕಾಯಿಲೆಯ ಕಾಲಂನಲ್ಲಿ ವೈದ್ಯರ ಕೈಬರಹ: ಆರು ತಿಂಗಳು.

ಬುಧವಾರ ಅಜ್ಜಂಪುರ ಠಾಣೆಗೆ ಶಿವಮೂರ್ತಪ್ಪನನ್ನು ಕರೆಸಿದರು. ಐವತ್ತರ ಆಸುಪಾಸು, ಮಡಿಕೆ ಮುರಿಯದ ಬಿಳಿ ಷರಟು.

"ಈ ಪತ್ರ ನಿಂದಾ?"

"ಅಲ್ಲ ಸ್ವಾಮಿ. ಆಫೀಸಲ್ಲಿ ಆ ಫಾರಂ ಹತ್ತು ಜನ ನೋಡ್ತಾರೆ. ನಾನೇ ಯಾಕೆ?"

ಅವನನ್ನು ಕಳಿಸಿ ಜೀಪು ಹತ್ತಿದ ಮೇಲೆ ಶ್ರೀನಿವಾಸಮೂರ್ತಿ ಹೇಳಿದರು: "ಫಾರಂನಲ್ಲಿ ಆರು, ಪತ್ರದಲ್ಲಿ ಎಂಟು. ಹಾಗಾದ್ರೆ ಫಾರಂ ನೋಡಿ ಬರೆದದ್ದಲ್ಲ. ಈ ಎಂಟು ಎಲ್ಲಿಂದ ಬಂತು?"

ಎಲ್ಲಿಂದ ಬಂತೆಂದು ಬೆನಕಪ್ಪನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ, ಅವನದೇ ಮನೆಯ ಜಗಲಿ. ಏಜೆಂಟನನ್ನು ಕರೆತಂದವನೂ ಅವನೇ. ಕಮಲಾಕ್ಷಮ್ಮ ಹಿಂದೆಮುಂದೆ ನೋಡುತ್ತಿದ್ದಳು. "ಏನೂ ಮುಚ್ಚಿಡ್ಬೇಡ ಕಣಮ್ಮ, ನಮ್ಮೋರೇ" ಎಂದು ಹೇಳಿ, ಅವಳು ಬಾಯಿ ಬಿಡುವ ಮೊದಲೇ "ಸ್ಯಾನಟೋರಿಯಂನಲ್ಲಿ ಎಂಟು ತಿಂಗಳಿದ್ಲು" ಎಂದುಬಿಟ್ಟಿದ್ದ. ಅವಳು ತಲೆ ತಗ್ಗಿಸಿ ಕೂತಿದ್ದಳೇ ಹೊರತು ತಿದ್ದಿರಲಿಲ್ಲ. ಏಜೆಂಟು ಅದನ್ನು ತನ್ನದೊಂದು ಉದ್ದ ಪುಸ್ತಕದಲ್ಲಿ ಗೀಚಿಕೊಂಡಿದ್ದ.

ಬೀರೂರು ದಾಟಿದ ಮೇಲೆ ಬೆನಕಪ್ಪ ಸಾಹೇಬರ ಕಡೆ ತಿರುಗಿದ.

"ಸಾರ್, ಎಂಟು ಅಂದೋನು ನಾನು."

ಶ್ರೀನಿವಾಸಮೂರ್ತಿ ಪೂರ್ತಿ ಕೇಳಿಸಿಕೊಂಡರು. "ಇದನ್ನ ಸೋಮವಾರವೇ ಹೇಳ್ಬೇಕಿತ್ತು."

"ಹೌದು ಸಾರ್."

"ಹೇಳಿಕೆ ಕೊಡಿ. ಇನ್ನು ನೀವು ಸಾಕ್ಷಿ. ನಾಳೆ ಮನೆ ಶೋಧಕ್ಕೆ ಬನ್ನಿ, ಆದ್ರೆ ಏನನ್ನೂ ಮುಟ್ಟಬೇಡಿ."

ಗುರುವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಇಬ್ಬರು ಪಂಚರ ಸಮಕ್ಷಮ ಅಜ್ಜಂಪುರದ ಬಾಡಿಗೆ ಕೋಣೆಯ ಶೋಧ ನಡೆಯಿತು. ಟ್ರಂಕಿನ ತಳದಲ್ಲಿ ಆ ಉದ್ದ ಪುಸ್ತಕ ಸಿಕ್ಕಿತು. ಯಗಟಿ, ಪಂಚನಹಳ್ಳಿ, ತರೀಕೆರೆ, ಹೀಗೆ ಊರು ಊರಿನವರ ಹೆಸರು. ಹೆಸರಿನ ಮುಂದೆ ಅವರವರು ನಂಬಿ ಹೇಳಿಕೊಂಡದ್ದು. ಮೂರ್ಛೆ ರೋಗ. ತೊನ್ನು. ಬಾವಿಗೆ ಬಿದ್ದ ತಾಯಿ. ಕಮಲಾಕ್ಷಮ್ಮನ ಪುಟದಲ್ಲಿ 'ಎಂಟು ತಿಂಗಳು'. ಆ ಪುಟದ ಸಂದಿಯಲ್ಲಿ, ತರೀಕೆರೆಯ ವಿಳಾಸ ಬರೆದು ಅಂಟಿಸಿ ಇನ್ನೂ ಅಂಚೆಗೆ ಹಾಕದ ಇನ್‌ಲ್ಯಾಂಡ್ ಪತ್ರ.

ಒಬ್ಬ ಪಂಚ ಕತ್ತು ಚಾಚಿದ. "ಅದ್ರಾಗೆ ಏನೈತೆ ಸ್ವಾಮಿ?"

"ಹಾಳೆ ಇವೆ," ಎಂದು ಶ್ರೀನಿವಾಸಮೂರ್ತಿ ಪುಸ್ತಕ ಮುಚ್ಚಿದರು. ಪಂಚನಾಮೆಯಲ್ಲಿ ಪುಟಗಳ ಲೆಕ್ಕ ಮಾತ್ರ ಬರೆಸಿ, ಅಲ್ಲೇ ಅರಗು ಮುದ್ರೆ ಹಾಕಿಸಿದರು.

ಐದೂ ಹತ್ತಕ್ಕೆ ರೈಲ್ವೆ ನಿಲ್ದಾಣದಲ್ಲಿ ಶಿವಮೂರ್ತಪ್ಪ ಸಿಕ್ಕಿದ. ಓಡಲಿಲ್ಲ.

"ಯಾಕೆ ಬರೆದೆ?"

"ದೂರು ಹೋದ್ಮೇಲೆ ಸಂತೇಲಿ ಜನ ನನ್ನ ಕಂಡ್ರೆ ಮಖ ತಿರುಗಿಸೋರು ಸ್ವಾಮಿ. ನನ್ನ ಮುಂದೆ ಅತ್ತು ಹೇಳ್ಕೊಂಡಿದ್ದೋರೇ. ನಾನೊಬ್ನೇ ಯಾಕೆ ತಲೆ ತಗ್ಗಿಸ್ಕೊಂಡು ಓಡಾಡ್ಬೇಕು ಅನ್ನಿಸ್ತು."

ತರೀಕೆರೆಯವರಿಗೆ ಹೇಳುವುದೋ ಬಿಡುವುದೋ ಕಮಲಾಕ್ಷಮ್ಮನ ಕೈಯಲ್ಲೇ ಉಳಿಯಿತು. ಸುದ್ದಿ ತಿಳಿಸಿದಾಗ ಅವಳು ಬೆನಕಪ್ಪನಿಗೆ ಕೈಮುಗಿದಳು. ಅಣ್ಣ ಎನ್ನಲಿಲ್ಲ.

ಠಾಣೆ ಬಿಡುವಾಗ ಶ್ರೀನಿವಾಸಮೂರ್ತಿ ದನಿ ತಗ್ಗಿಸಿದರು. "ಹನ್ನೊಂದನೇ ಪುಟದಲ್ಲಿ ನಿಮ್ಮ ಮನೆಯವರ ಹೆಸರಿದೆ."

ಮನೆಯಲ್ಲಿ ಹೆಂಡತಿ ಶಂಕರಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಬೆನಕಪ್ಪ ನಿಂತೇ ಎಲ್ಲ ಹೇಳಿದ. ಬಾಣಂತಿತನದಲ್ಲಿ ಅವಳಿಗೆ ಬುದ್ಧಿ ಕದಡಿದ್ದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ತಿಂಗಳು ಇರಿಸಿದ್ದು, ಎಲ್ಲವೂ ಆ ಪುಸ್ತಕದಲ್ಲಿದೆ ಎಂದ.

ಮೊರ ನಿಂತಿತು. "ಅವನಿಗೆ ಯಾರು ಹೇಳಿದ್ದು?"

"ನಿನ್ನ ಹೆಸರಲ್ಲಿ ವಿಮೆ ಮಾಡಿಸ್ವಾಗ ಫಾರಂನಲ್ಲಿ ಕೇಳಿತ್ತು. ಹೇಳ್ದೆ."

"ನನ್ನ ಕೇಳಿದ್ರಾ?"

"ಇಲ್ಲ."

ಅವಳು ಮತ್ತೆ ಮೊರ ಕೈಗೆತ್ತಿಕೊಂಡಳು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವಳ ಎದುರು ಬೆನಕಪ್ಪನಿಗೆ ಕುಳಿತುಕೊಳ್ಳುವ ಧೈರ್ಯವಾಗಲಿಲ್ಲ.