ಹೆಪ್ಪು ಹಾಕಿದ ಗಡಿಗೆ

ಗಡಿಯಾರ ಹುಟ್ಟುವುದಕ್ಕೂ ಬಹಳ ಹಿಂದೆ ಸೊಂಪುಗಿರಿ ಎಂಬ ರಾಜ್ಯವಿತ್ತು. ಅಲ್ಲಿಗೆ ಚಿಟಿಕೆರಾಯನೆಂಬ ಮಾಯಾವಿ ಬಂದ. ಅವನು ಚಿಟಿಕೆ ಹೊಡೆದರೆ ಎಲೆ ತುಂಬ ಬಿಸಿಯೂಟ ಬೀಳುತ್ತಿತ್ತು. ಜನ ಒಲೆಗೆ ನೀರು ಸುರಿದರು. ಮೊದಲ ತಿಂಗಳು ಅವರಿಗೆ ರುಚಿ ಮರೆತುಹೋಯಿತು, ಎರಡನೆಯ ತಿಂಗಳು ಹೆಸರು ಮರೆತುಹೋಯಿತು, ಮೂರನೆಯ ತಿಂಗಳು ಬಾತುಕೋಳಿಗಳಾಗಿ ಅವನ ಅಂಗಳದಲ್ಲಿ ಬಾಯಿ ತೆರೆದು ನಿಂತರು.

ಕೆಂಚವ್ವನ ಒಲೆಯೊಂದೇ ಉರಿಯುತ್ತಿತ್ತು. ತಮ್ಮ ಬೀರ ಬಾತುಕೋಳಿಯಾದ ಮರುದಿನ ಬೆಳಿಗ್ಗೆ ಅವಳು ಅಡುಗೆ ಸಾಮಾನು, ಹಾಲಿನ ಗಡಿಗೆ, ಹೆಪ್ಪಿನ ಕುಡಿಕೆ ಹೊತ್ತು ಮಾಯಾವಿಯ ಅಂಗಳಕ್ಕೆ ನಡೆದಳು.

"ನನ್ನ ತಮ್ಮನನ್ನು ಬಿಡು."

"ಮೂರು ಅಡುಗೆ. ಒಂದನ್ನಾದರೂ ನನಗಿಂತ ಮೊದಲು ಮಾಡಿ ಗೆದ್ದರೆ ಬಿಡುತ್ತೇನೆ, ಮುದುಕಿ. ಸೋತರೆ ನೀನೂ ಬಾತುಕೋಳಿ."

ಮೊದಲು ಮುದ್ದೆ. ಅವಳು ಎಸರಿಡುವಷ್ಟರಲ್ಲಿ ಅವನು ಚಿಟಿಕೆ ಹೊಡೆದ, ಮುದ್ದೆ ಬಂತು. ಆಮೇಲೆ ಸಾರು. ಅವಳು ಸೊಪ್ಪು ಬಿಡಿಸುವಷ್ಟರಲ್ಲಿ ಸಾರೂ ಬಂತು. ಯಾರೂ ಊಟ ಕೇಳದಿದ್ದಾಗಲೂ ಅವನು ಆಗಾಗ ಚಿಟಿಕೆ ಹೊಡೆಯುತ್ತಿದ್ದ. ಹೊಡೆದಾಗಲೆಲ್ಲ ಬಾತುಕೋಳಿಗಳು ಕತ್ತು ತಗ್ಗಿಸುತ್ತಿದ್ದವು. ಕೆಂಚವ್ವ ಅದನ್ನು ನೋಡಿದಳು. ಚಿಟಿಕೆ ನಿಂತರೆ ಮಾಯೆಯೂ ಬಿಡುತ್ತದೆ ಎಂದುಕೊಂಡಳು.

"ಈಗ ಮೊಸರು" ಎಂದಳು.

ಅವನು ಮೂರು ಸಲ ಚಿಟಿಕೆ ಹೊಡೆದ. ಗಡಿಗೆಯ ಹಾಲು ಹಾಲಾಗಿಯೇ ಇತ್ತು.

"ನಿನ್ನಿಂದಲೂ ಆಗದು, ಹೆಂಗಸೇ!"

"ಆಗುತ್ತದೆ." ಅವಳು ಹಾಲಿಗೆ ಕುಡಿಕೆಯ ಹೆಪ್ಪು ಬೆರೆಸಿದಳು. "ಹೆಪ್ಪು ಹಾಕಿದ ಗಡಿಗೆ ಅಲುಗಬಾರದು, ಅಷ್ಟೇ. ಎರಡೂ ಕೈಯಲ್ಲಿ ತಬ್ಬಿ ಕೂತುಕೋ."

"ನಾನೇಕೆ?"

"ನಾನು ಹಿಡಿದರೆ ಮೋಸ ಅನ್ನುತ್ತೀಯಲ್ಲ."

ಚಿಟಿಕೆರಾಯ ತಬ್ಬಿ ಕೂತ. ಬಿಸಿಲು ಏರಿತು. "ಆಯಿತೇ?" ಎಂದ. "ಇಲ್ಲ." ಒಂದು ಬಾತುಕೋಳಿಯ ಕೊಕ್ಕು ಉದುರಿತು. ಸೂರ್ಯ ನೆತ್ತಿಗೆ ಬಂದ. "ಆಯಿತೇನೇ?" "ಅಲುಗಿಸಬೇಡ, ಒಡೆದೀತು." ಅಂಗಳದ ತುಂಬ ಪುಕ್ಕ ಉದುರಿತು. ಮುನ್ನೂರು ವರ್ಷಗಳಲ್ಲಿ ಮೊದಲ ಬಾರಿಗೆ ಮಾಯಾವಿಯ ಹೊಟ್ಟೆ ಗುರ್ ಎಂದಿತು. ಹೊತ್ತು ಪಡುವಣಕ್ಕೆ ವಾಲಿತು.

"ಆಯಿತೇ, ತಾಯೀ?"

"ಈಗ ಆಯಿತು."

ಅವನು ಕೈ ಹಾಕಿ ಮೊಸರು ಬಾಚಿ ತಿಂದ. ತಲೆ ಎತ್ತಿದಾಗ ಅಂಗಳದಲ್ಲಿ ಬಾತುಕೋಳಿಗಳಿರಲಿಲ್ಲ, ಜನರಿದ್ದರು. ಗಾಬರಿಯಿಂದ ಚಿಟಿಕೆ ಹೊಡೆಯಹೋದ. ಮೊಸರಿನ ಬೆರಳು ಜಾರಿತು. ನೆಕ್ಕಿಕೊಂಡು ಮತ್ತೆ ಹೊಡೆದ. ಸದ್ದು ಬಂತು, ಆದರೆ ಹಸಿದು ಕಾದು ಉಂಡವನಿಗೆ ಮಾಯೆ ಬರಲಿಲ್ಲ.

"ಇನ್ನೊಂದು ತುತ್ತು ಇದೆಯೇ?" ಎಂದು ಮೆಲ್ಲಗೆ ಕೇಳಿದ.

"ಇದೆ. ಮೊದಲು ರಾಗಿ ಬೀಸು."

ಅವನು ಬೀಸಿದ.

"ಅಕ್ಕಾ, ಹಸಿವು" ಎಂದ ಬೀರ.

"ಒಲೆ ಹಚ್ಚಿದ್ದೇನೆ. ಕೂತುಕೋ."

ಬೀರ ಕೂತ. ಸೊಂಪುಗಿರಿಯ ಜನ ಅಂದು ತಡವಾಗಿ ಉಂಡರು, ಹೊಟ್ಟೆ ತುಂಬ ಉಂಡರು. ಆಮೇಲೆ ಬದುಕಿದಷ್ಟು ಕಾಲವೂ ಹಾಗೆಯೇ ಉಂಡು ಸುಖವಾಗಿದ್ದರು.