ಬ್ಯಾಟರಿ ಅಂಗಡಿಯ ಮಧ್ಯಾಹ್ನಗಳು

"ನಮಗ ಇನ್ಶೂರೆನ್ಸ್ ಬ್ಯಾಡ್ರಿ," ಎಂದಳು ಸುಕನ್ಯಾ, ತಲೆ ಎತ್ತದೆ.

ಕರಿ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದವನಿಗೆ ನಗುವಷ್ಟು ಶಕ್ತಿಯೂ ಉಳಿದಂತಿರಲಿಲ್ಲ. "ನನಗೂ ಬ್ಯಾಡ್ರಿ," ಎಂದು ಬ್ಯಾಗಿನಿಂದ ಹಳೆಯ ಲ್ಯಾಪ್‌ಟಾಪೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಹಾಸುಗಲ್ಲಿನಷ್ಟು ದಪ್ಪ, ಹಾಸುಗಲ್ಲಿನಷ್ಟೇ ಭಾರ.

ಅದು ಎರಡು ಸಾವಿರದ ಐದರ ಬೇಸಿಗೆ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸುಕನ್ಯಾಳ ಬ್ಯಾಟರಿ ಅಂಗಡಿ, ಅದರ ಹಿಂದೆಯೇ ಮನೆ. ಟ್ರ್ಯಾಕ್ಟರು, ಲಾರಿಗಳ ಬ್ಯಾಟರಿಗೆ ಚಾರ್ಜ್ ಹಾಕಿಕೊಡುವುದು ಅಲ್ಲಿಯ ಕೆಲಸ. ಅಪ್ಪ ಬೆನಕಪ್ಪನಿಗೆ ಲಕ್ವ ಹೊಡೆದಾಗ ಅಂಗಡಿ ಅವಳ ಹೆಗಲಿಗೆ ಬಂತು. ಈಗ ಅವಳಿಗೆ ಮೂವತ್ತನಾಲ್ಕು. ಆಸಿಡ್ ಹನಿ ಬಿದ್ದು ಸೀರೆಗಳಲ್ಲೆಲ್ಲ ಸಣ್ಣ ಸಣ್ಣ ತೂತು. ನೋಡಲು ಬಂದ ಗಂಡುಗಳು ಮೊದಲು ಆ ತೂತುಗಳನ್ನೇ ನೋಡುತ್ತಿದ್ದರು.

ಬಂದವನ ಹೆಸರು ಗುರುಶಾಂತ. ಮೊದಲು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದ. ಕ್ಲಾಸು ಮುಚ್ಚಿತು, ಕೈಯಲ್ಲಿ ಉಳಿದದ್ದು ಈ ಲ್ಯಾಪ್‌ಟಾಪ್ ಒಂದೇ. ಅದರಲ್ಲಿ ಜಾತಕ ನೋಡುವ ಪ್ರೋಗ್ರಾಮ್ ಹಾಕಿಕೊಂಡು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಸಂತೆಗಳಲ್ಲಿ ಕೂರುತ್ತಿದ್ದ. ಹಳ್ಳಿಗಳಲ್ಲಿ ಹಗಲು ಕರೆಂಟ್ ಇರುವುದಿಲ್ಲ. ಲ್ಯಾಪ್‌ಟಾಪ್ ಐದೇ ನಿಮಿಷಕ್ಕೆ ಆರಿಹೋಗುತ್ತದೆ. ಇದರ ಬ್ಯಾಟರಿ ಈಗ ಯಾರೂ ತಯಾರು ಮಾಡುವುದಿಲ್ಲವೆಂದು ಹುಬ್ಬಳ್ಳಿಯ ರಿಪೇರಿಯವರೂ ಕೈಚೆಲ್ಲಿದ್ದರು.

ಇಂಥದ್ದನ್ನು ತಾನು ಮುಟ್ಟಿಲ್ಲ, ಕೆಟ್ಟರೆ ಬೈಯಬಾರದು ಎಂದಳು ಸುಕನ್ಯಾ. ಬೈಯುವಷ್ಟು ಉಸಿರು ತನ್ನಲ್ಲಿಲ್ಲ ಎಂದ ಅವನು. ಆಗ ಅವಳು ಮೊದಲ ಸಲ ಅವನ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪು, ರೆಪ್ಪೆಯ ಮೇಲೆ ದಾರಿಯ ಧೂಳು. ಕನ್ನಡಿಯಲ್ಲಿ ತಾನು ದಿನಾ ನೋಡುವ ದಣಿವೇ ಅಲ್ಲಿ ಕೂತಿತ್ತು.

ಚಾಕುವಿನಿಂದ ಲ್ಯಾಪ್‌ಟಾಪಿನ ಬ್ಯಾಟರಿ ಪೆಟ್ಟಿಗೆಯ ಅಂಚು ಬಿಡಿಸಿದಳು. ಒಳಗೆ ಸಾಲಾಗಿ ಜೋಡಿಸಿದ ಸೆಲ್‌ಗಳು. ಒಂದೊಂದಕ್ಕೂ ಮೀಟರ್ ಹಿಡಿದಳು. ಎರಡು ಪೂರ್ತಿ ಸತ್ತಿದ್ದವು. ಆ ಎರಡರಿಂದ ಇಡೀ ಸಾಲು ಕೂತುಬಿಡುತ್ತಿತ್ತು. ಆದರೆ ಹಳೆಯವುಗಳ ನಡುವೆ ಹೊಸ ಸೆಲ್ ಹಾಕಿದರೆ ಅವೂ ಬೇಗ ಹಾಳಾಗುತ್ತವೆ, ಎಲ್ಲವನ್ನೂ ಬದಲಿಸಬೇಕು, ದಾವಣಗೆರೆಯಿಂದ ತರಿಸಬೇಕು ಎಂದಳು. ತರಿಸಿರಿ ಎಂದ.

ಸೆಲ್ ಬರುವುದು ತಡವಾಯಿತು. ಗುರುಶಾಂತ ಬಸ್ ಬದಲಿಸುವಾಗಲೆಲ್ಲ ಬಂದು ವಿಚಾರಿಸುತ್ತಿದ್ದ. ಹಡಗಲಿಯಿಂದ ಬಂದ ಒಂದು ದಿನ ಮಲ್ಲಿಗೆ ತಂದ. ಅವಳಿಗೆ ಕೊಡಲು ಧೈರ್ಯವಾಗದೆ ಅವಳ ಅವ್ವ ಅನ್ನದಾನಮ್ಮನ ಕೈಗಿತ್ತ. ಅನ್ನದಾನಮ್ಮ ಅರ್ಧ ಹರಿದು ಮಗಳ ಜಡೆಗೆ ಮುಡಿಸಿದಳು. ಅವನು ನೋಡಿದ್ದನ್ನು ಸುಕನ್ಯಾ ನೋಡಿದಳು. ತಕ್ಷಣ ಇಬ್ಬರೂ ಮೀಟರಿನ ಮುಳ್ಳು ನೋಡತೊಡಗಿದರು. ಅದು ಅಲುಗಾಡುತ್ತಲೂ ಇರಲಿಲ್ಲ.

ಅವತ್ತೇ ಅವನು ಇಟ್ಟಿಗಿ ಹಳ್ಳಿಯ ಓಬಮ್ಮನ ವಿಷಯ ಹೇಳಿದ್ದು. ಲ್ಯಾಪ್‌ಟಾಪಿನ ಒಳಗಿನ ಸಣ್ಣ ಸೆಲ್ ಕೂಡ ಸತ್ತು, ಪ್ರತಿ ಸಲ ಆರಿದಾಗ ತಾರೀಖು ಹತ್ತು ವರ್ಷ ಹಿಂದೆ ಹೋಗುತ್ತಿತ್ತು. ಅವನು ಗಮನಿಸಿರಲಿಲ್ಲ. ಕುರಿ ಸಾಕುವ ಓಬಮ್ಮ ತನ್ನ ಶನಿಯ ಸಾಡೇಸಾತಿ ಯಾವಾಗ ಮುಗಿಯುತ್ತದೆಂದು ಕೇಳಿದ್ದಳು. ಪರದೆ ನೋಡಿ, ಅದಿನ್ನೂ ಶುರುವೇ ಆಗಿಲ್ಲ ಎಂದುಬಿಟ್ಟಿದ್ದ. ಇಷ್ಟು ವರ್ಷ ಪಟ್ಟದ್ದು ಹಾಗಾದರೆ ಏನು ಎಂದು ಆಕೆ ಅಲ್ಲೇ ಕೂತು ಅತ್ತಳಂತೆ. ತಪ್ಪು ತಿಳಿದದ್ದು ಹಡಗಲಿಗೆ ಬಂದ ಮೇಲೆ. ಬಸ್ ಇರಲಿಲ್ಲ. ಸಿಕ್ಕ ಟ್ರ್ಯಾಕ್ಟರ್ ಹತ್ತಿ ವಾಪಸು ಹೋಗಿ, ಅದು ಎಂದೋ ಮುಗಿದುಹೋಗಿದೆ ಅವ್ವಾ ಎಂದು ಹೇಳಿ ಬಂದಿದ್ದ.

ಸುಕನ್ಯಾ ಆ ಸಣ್ಣ ಸೆಲ್ಲನ್ನು ಅವನು ಕೇಳುವ ಮೊದಲೇ ಬದಲಿಸಿಕೊಟ್ಟಳು.

ಹೊಸ ಸೆಲ್‌ಗಳನ್ನು ಬೆಸೆದ ಮೇಲೆ ಇನ್ನೊಂದು ಕೆಲಸವಿತ್ತು. ಪೂರ್ತಿ ಚಾರ್ಜ್ ಮಾಡಿ, ಪೂರ್ತಿ ಆರುವ ತನಕ ಓಡಿಸಬೇಕು. ಹಾಗೆ ಕೆಲವು ಸಲ ಮಾಡಿದರೇ ಲ್ಯಾಪ್‌ಟಾಪಿಗೆ ಚಾರ್ಜ್ ಎಷ್ಟಿದೆಯೆಂಬ ಸರಿಯಾದ ಲೆಕ್ಕ ಸಿಗುವುದು. ಹೀಗೆ ಮಧ್ಯಾಹ್ನಗಳು ಸಿಕ್ಕವು. ಒಂದು ಪರದೆ ಆರುವುದನ್ನು ಕಾಯುತ್ತ ಇಬ್ಬರು ಗೋಡೆಗೊರಗಿ ಕೂತರು. ಮಾತು ಕಡಿಮೆ. ಒಮ್ಮೆ ಅವಳು ಕೂತಲ್ಲೇ ನಿದ್ದೆ ಹೋದಳು. ಎದ್ದಾಗ ಅವನು ಬಿಸಿಲಿಗೆ ಅಡ್ಡವಾಗಿ ಬಾಗಿಲ ಕಡೆ ಸರಿದು ಕೂತಿದ್ದ. ಅವನ ಬೆನ್ನು ಬೆವರಿನಿಂದ ತೊಯ್ದಿತ್ತು.

ಕೊನೆಯ ಮಧ್ಯಾಹ್ನ ಅನ್ನದಾನಮ್ಮ ಒಳಗಿನಿಂದ ಬಂದು ಕೂತಳು. ಹರಪನಹಳ್ಳಿಯ ಗೊಬ್ಬರದ ಅಂಗಡಿಯ ಅರುಣಕುಮಾರ್ ಎಂಬುವವರ ಸಂಬಂಧ ಬಂದಿದೆ, ಹೆಂಡತಿ ತೀರಿಕೊಂಡಿದ್ದಾಳೆ, ಬ್ಯಾಟರಿ ಅಂಗಡಿ ಮುಚ್ಚಬೇಕು ಅನ್ನುತ್ತಾರೆ, ಆದರೂ ಒಳ್ಳೆಯವರು. ಎರಡೂ ಜಾತಕ ಹೊಂದುತ್ತವೆಯೇ ನೋಡಪ್ಪಾ ಎಂದಳು.

ಗುರುಶಾಂತ ಎರಡೂ ಜನ್ಮಸಮಯ ಒತ್ತಿದ. ಐದು ನಿಮಿಷಕ್ಕೆ ಆರುತ್ತಿದ್ದ ಲ್ಯಾಪ್‌ಟಾಪ್ ಈಗಲಾದರೂ ಆರಲಿ ಎಂದು ಕಾದ. ಅದು ಆರಲಿಲ್ಲ. ಸುಕನ್ಯಾ ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದಳು.

"ಚೊಲೊ ಕೂಡ್ಯಾವ್ರಿ," ಎಂದ.

ಅನ್ನದಾನಮ್ಮ ಚಹಾ ಇಡಲು ಒಳಗೆ ಹೋದಳು. ಸುಕನ್ಯಾ ಪರದೆಯ ಕಡೆ ನೋಡಲಿಲ್ಲ, ಅವನನ್ನು ನೋಡಿದಳು. "ಕಂಪ್ಯೂಟರ್ ಹೇಳಿದ್ದು ಕೇಳಿದೆ. ನೀವೇನ ಹೇಳ್ತೀರಿ?"

ಅವನು ಬ್ಯಾಗಿನ ಜಿಪ್ಪು ಎಳೆದ. ಕೂಡ್ಲಿಗಿ ಬಸ್ಸಿಗೆ ಹೊತ್ತಾಯಿತು ಎಂದು ಚಹಾ ಕುಡಿಯದೆ ಹೋದ.

ಆಮೇಲೆ ಎಷ್ಟೋ ದಿನ ಬರಲಿಲ್ಲ. ಬಸ್ಸುಗಳು ಬಂದವು, ಹೋದವು. ಸುಕನ್ಯಾ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಸುರಿಯುತ್ತ ಪ್ರತಿ ಬಸ್ಸಿಗೂ ತಲೆ ಎತ್ತುತ್ತಿದ್ದಳು. ತಲೆ ಎತ್ತುವುದೂ ಒಂದು ದಣಿವಾಯಿತು. ಎತ್ತುವುದನ್ನು ಬಿಟ್ಟಳು.

ಬಿಟ್ಟ ಮೇಲೆ ಅವನು ಬಂದ. ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಆರಿಹೋಗುತ್ತಿದೆ ಎಂದ. ಅವಳು ಒಂದೊಂದೇ ಸೆಲ್ ನೋಡಿದಳು. ಎಲ್ಲವೂ ಗಟ್ಟಿಯಾಗಿದ್ದವು.

"ಇದಕ್ಕೇನೂ ಆಗಿಲ್ಲ."

"ಗೊತ್ತೈತ್ರಿ."

"ಮತ್ಯಾಕ ತಂದ್ರಿ?"

ಅವನು ಹರಪನಹಳ್ಳಿಯವರ ವಿಷಯ ಏನಾಯಿತೆಂದು ಕೇಳಿದ. ಅವತ್ತೇ ಒಲ್ಲೆ ಅಂದೆ ಎಂದಳು. ಅವನು ಮೆಲ್ಲಗೆ ಗೋಡೆಗೊರಗಿ ಕೂತ.

"ಊರೂರು ಇಳದು ಇಳದು ಸಾಕಾಗೈತ್ರಿ," ಎಂದ. "ಒಂದ ಊರಾಗ ಇಳದು ಅಲ್ಲೇ ಇರಬೇಕು ಅನಸತೈತಿ. ಅವತ್ತ ನೀವು ಕೇಳಿದಾಗ ಇದನ್ನ ಹೇಳಬೇಕಿತ್ತು. ಅಂಜಿದೆ."

ಸುಕನ್ಯಾಳ ಕೈಯಲ್ಲಿ ಮೀಟರಿನ ತಂತಿ ಹಾಗೇ ಇತ್ತು. "ನಾ ಅಂಗಡಿ ಬಿಡಂಗಿಲ್ಲ. ಅಪ್ಪನ್ನ ದಿನಾ ಎತ್ತಿ ಕೂಡಸಬೇಕು. ಸಂಜಿ ಆತಂದ್ರ ನನಗ ಮಾತಾಡಾಕೂ ಶಕ್ತಿ ಇರಂಗಿಲ್ಲ."

"ನನಗೂ ಇರಂಗಿಲ್ರಿ. ಸುಮ್ನ ಕುಂತ್ರಾತು."

ಅವಳಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. ತುಟಿಗೆ ದಾರಿ ಮರೆತಿತ್ತು, ಕಣ್ಣಲ್ಲೇ ನಿಂತಿತು. "ಅವ್ವ ಜಾತಕ ಕೇಳತಾಳ."

"ಕೇಳ್ಲಿ. ಬಂದದ್ದು ಬಂದಂಗ ಹೇಳತೀನಿ." ಅವನು ಈ ಸಲ ಕಣ್ಣು ತಪ್ಪಿಸಲಿಲ್ಲ. "ಕೂಡಿ ಬರಲಿಲ್ಲಂದ್ರೂ ನಾ ಹೋಗಂಗಿಲ್ಲ."

ಒಳಗಿನಿಂದ ಬೆನಕಪ್ಪನ ತೊದಲು ಕೂಗು ಕೇಳಿತು. ಅವನನ್ನು ಎತ್ತಿ ಕೂರಿಸುವ ಹೊತ್ತು. ಸುಕನ್ಯಾ ಮೊಣಕಾಲಿಗೆ ಕೈಯೂರಿ ಏಳತೊಡಗಿದಳು.

"ನೀವು ಕುಂದರ್ರಿ," ಎಂದು ಗುರುಶಾಂತ ಎದ್ದು ಒಳಗೆ ಹೋದ.

ಯಾವ ಕೈ ಹಿಡಿಯಲಿ ಎಂದು ಅವನು ಅಪ್ಪನನ್ನು ಕೇಳುವುದು ಅವಳಿಗೆ ಕೇಳಿಸಿತು. ಅಪ್ಪ ಏನೋ ಹೇಳಿದ. ಮಂಚ ಕಿರುಗುಟ್ಟಿತು. ಸುಕನ್ಯಾ ಕೈಗವಸು ಕಳಚಿ, ತಲೆಯನ್ನು ಗೋಡೆಗೆ ಆನಿಸಿ, ಕೂತೇ ಇದ್ದಳು.