ಡಬ್ಬಿಗೆ ಕಟ್ಟಿದ ಉಡಿ

"ಎಲ್ಲೈತೋ ನೀರು? ನನ್ನ ಕಣ್ಣಿಗಂತೂ ಕಾಣವಲ್ದು," ಎಂದು ಗುರುಲಿಂಗಪ್ಪ ಹಗ್ಗವನ್ನು ನೆಲಕ್ಕೆ ಒಗೆದ.

ಗುರುಲಿಂಗಪ್ಪನ ಕಣ್ಣಿಗೇನು, ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಭೀಮಾ ಹೊಳೆ ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ ಇತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೊಕ್ಕರೆಯೊಂದು ಆರಾಮಾಗಿ ನಿಂತುಕೊಂಡಿತ್ತು.

ಬೆಳಿಗ್ಗೆ ಊರಿನ ಫೋನುಗಳೆಲ್ಲ ಒಟ್ಟಿಗೇ ಕುಂಯ್ ಎಂದಿದ್ದವು. 'ಇಂದು ಮಧ್ಯಾಹ್ನದೊಳಗೆ ನಿಮ್ಮೂರಿನ ದಂಡೆ ಮುಳುಗುವ ಸಂಭವವಿದೆ' ಎಂಬ ಮೆಸೇಜು. ಹೊಲಕ್ಕೆ ನೀರೆತ್ತುವ ಮೋಟಾರುಗಳೆಲ್ಲ ದಂಡೆಯ ಮೇಲೆಯೇ ಇರುತ್ತವೆ. ಮುಳುಗಿದವೋ, ಕೆಟ್ಟವು ಎಂದೇ ಲೆಕ್ಕ. ಜನ ಚಹಾ ಕೂಡ ಕುಡಿಯದೆ ಓಡಿ ಬಂದು, ಹಗ್ಗ ಬಿಗಿದು, ಟ್ರ್ಯಾಕ್ಟರಿಗೆ ಕಟ್ಟಿ, ಒಂದೊಂದನ್ನೂ ದಿಬ್ಬಕ್ಕೆ ಎಳೆದಿದ್ದರು. ಈಗ ಮಧ್ಯಾಹ್ನ ದಾಟಿತ್ತು. ಮೋಟಾರುಗಳು ದಿಬ್ಬದ ಮೇಲಿದ್ದವು, ಹೊಳೆ ತನ್ನ ಪಾಡಿಗೆ ಕೆಳಗಿತ್ತು.

"ಆ ಸೇತುವಿ ಡಬ್ಬಿ ಮಾತು ಕೇಳಿ ಕೆಟ್ಟಿವಿ," ಎಂದ ಗುರುಲಿಂಗಪ್ಪ. "ಇನ್ನೊಮ್ಮಿ ಅದರ ಮೆಸೇಜ್ ಬಂದ್ರ ನಾನಂತೂ ಹಾಸಿಗಿ ಬಿಟ್ಟು ಏಳಂಗಿಲ್ಲ."

"ನಾವೂ ಏಳಂಗಿಲ್ಲ ಬಿಡ್ರಿ," ಎಂದರು ಉಳಿದವರು.

ದಿಬ್ಬದ ಮೇಲೆ ನಿಂತಿದ್ದ ಐದನೇ ಕ್ಲಾಸಿನ ಮಾಲಾ ಸೇತುವೆಯ ಕಡೆ ನೋಡಿದಳು. ಡಬ್ಬಿಯನ್ನು ಬೈದರೆ ಅವಳನ್ನೇ ಬೈದ ಹಾಗೆ. ಹೋದ ವರ್ಷ ಅದನ್ನು ಸೇತುವೆಗೆ ಕೂರಿಸಿದಾಗ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತವಳು ಇವಳೇ.

ಡಬ್ಬಿ ಕೂರಿಸಿದವರು ಸಿಂದಗಿಯ ವಿಜಯಶ್ರೀ ಮೇಡಂ, ಇಂಜಿನಿಯರು. ಅವತ್ತು ಅವರು ಮಕ್ಕಳನ್ನೆಲ್ಲ ಶಾಲೆಯ ಹಿಂದಿನ ಬಾವಿಯ ಹತ್ತಿರ ಕರೆದುಕೊಂಡು ಹೋಗಿ "ಕೂಗ್ರಿ" ಅಂದಿದ್ದರು. ಎಲ್ಲರೂ ಕೂಗಿದ್ದೇ ಕೂಗಿದ್ದು. ಬಾವಿಯೂ ತಿರುಗಿ ಕೂಗಿತ್ತು.

"ಡಬ್ಬೀನೂ ಹಿಂಗ," ಎಂದಿದ್ದರು ಮೇಡಂ. "ಕೆಳಗ ನೀರಿಗೆ ಕೂಗ್ತೈತಿ. ಅದರ ಕೂಗು ನಮ್ಮ ಕಿವಿಗೆ ಕೇಳಂಗಿಲ್ಲ ಅಷ್ಟ. ಲಗೂ ವಾಪಸ್ ಬಂತಂದ್ರ ನೀರು ಹತ್ರ ಐತಿ. ತಡಾ ಆತಂದ್ರ ದೂರ ಐತಿ. ಅದನ್ನ ಕಂಪ್ಯೂಟರಿಗೆ ಕಳಸ್ತೈತಿ. ಆ ಕಂಪ್ಯೂಟರ್ ಎಷ್ಟೋ ವರ್ಷದ ಮಳಿ, ಡ್ಯಾಮ್‌ನ್ಯಾಗಿಂದ ಬಿಟ್ಟ ನೀರು, ಹೊಳಿ ಏರಿದ್ದು ಇಳದದ್ದು ಎಲ್ಲಾ ನೋಡಿ ನೋಡಿ ಕಲ್ತೈತಿ. ಹಂಗಾಗಿ ನಾಳಿ ನೀರು ಎಲ್ಲೀತನಾ ಬರ್ತೈತಿ ಅಂತ ಇವತ್ತ ಹೇಳ್ತೈತಿ."

"ಅದಕ್ಕ ಎಐ ಅಂತಾರಲ್ರಿ ಮೇಡಂ," ಎಂದಿದ್ದ ಮಾಲಾಳ ಕ್ಲಾಸಿನ ತಬ್ರೇಜ. ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಹಾಗೆಂದು ಅವನೇ ಹೇಳುತ್ತಾನೆ.

ಹೋದ ಮಳೆಗಾಲದಲ್ಲಿ ಡಬ್ಬಿಯ ಮಾತು ನಿಜವಾಗಿತ್ತು. ಮಾಲಾಳ ಆಯಿ, ಅಂದರೆ ಅಪ್ಪನ ತಾಯಿ ರೇವವ್ವ, ಆಗ ಹೊಳೆಯ ನಡುಗಡ್ಡೆಯಲ್ಲಿ ಕುರಿ ಮೇಯಲು ಬಿಟ್ಟಿದ್ದಳು. ಮೆಸೇಜು ಬಂದದ್ದೇ ಮಂದೆಯನ್ನೆಲ್ಲ ಊರಿಗೆ ಹೊಡೆದುಕೊಂಡು ಬಂದಳು. ಮರುದಿನ ನಡುಗಡ್ಡೆ ಎಲ್ಲಿತ್ತು ಎಂದು ಹುಡುಕಬೇಕಿತ್ತು. ಅವತ್ತಿನಿಂದ ಆಯಿ ಸೇತುವೆ ದಾಟುವಾಗೆಲ್ಲ ಡಬ್ಬಿಗೆ ಕೈ ಮುಗಿಯುತ್ತಾಳೆ.

ಅಂಥ ಡಬ್ಬಿ ಸುಳ್ಳು ಹೇಳುತ್ತದೆಯೇ? ಮಾಲಾ ತಬ್ರೇಜನ ಕೈ ಎಳೆದಳು. "ಬಾರೋ, ಹೋಗಿ ನೋಡೂನು."

ಸೇತುವೆಯ ಕಟಕಟೆಯಿಂದ ಹೊರಗೆ ಒಂದು ಕಬ್ಬಿಣದ ತೋಳು ಚಾಚಿಕೊಂಡಿದೆ. ಅದರ ತುದಿಗೆ ಡಬ್ಬಿ. ಇಬ್ಬರೂ ಕಟಕಟೆ ಹಿಡಿದು ಬಗ್ಗಿ ನೋಡಿದರು. ಡಬ್ಬಿಯ ಕೆಳಗೆ, ದಾರದ ತುದಿಯಲ್ಲಿ, ತೆಂಗಿನಕಾಯಿ ಗಾತ್ರದ ಗಂಟೊಂದು ಜೋತಾಡುತ್ತಿತ್ತು.

"ಅದು ಉಡಿ," ಎಂದಳು ಮಾಲಾ ಮೆಲ್ಲಗೆ. ಮನೆಗೆ ಬಂದ ಹೆಣ್ಣುಮಗಳಿಗೆ, ಗುಡಿಯ ದೇವಿಗೆ, ಹೊಸ ಖಣದಲ್ಲಿ, ಅಂದರೆ ಕುಬುಸದ ಬಟ್ಟೆಯಲ್ಲಿ, ಅಕ್ಕಿ, ಕಾಯಿ, ಉತ್ತತ್ತಿ ಇಟ್ಟು ಉಡಿ ತುಂಬುವುದನ್ನು ಅವಳು ಎಷ್ಟು ಸಲ ನೋಡಿಲ್ಲ. ಆದರೆ ಡಬ್ಬಿಗೆ?

"ಕೂಗು ನೀರಿನ ತನಕ ಹೋಗವಲ್ದು," ಎಂದ ತಬ್ರೇಜ. "ಗಂಟಿಗೆ ಬಡದು ಅಲ್ಲಿಂದನ ವಾಪಸ್ ಬರಾಕತ್ತೈತಿ. ನೀರು ಇಲ್ಲೀತನಾ ಬಂದೈತಿ ಅಂತ ಡಬ್ಬಿ ತಿಳಕೊಂಡೈತಿ. ಯಾರು ಕಟ್ಟಿದ್ರೋ ಏನೋ."

ಮಾಲಾ ಗಂಟನ್ನೇ ನೋಡುತ್ತಿದ್ದಳು. ಹಸಿರು ಬಟ್ಟೆ, ಕೆಂಪು ಅಂಚು. ಇಂಡಿ ಪಟ್ಟಣದ ಸಂತೆಯಲ್ಲಿ ಆಯಿ ಅದನ್ನು ಆರಿಸುವಾಗ ಇವಳು ಪಕ್ಕದಲ್ಲೇ ಇದ್ದಳು. ಆ ದಾರವೂ ಆಯಿಯೇ ಕೂತು ಹೊಸೆದ ಕುರಿ ಉಣ್ಣೆಯ ದಾರ.

ತಬ್ರೇಜ ಅವಳ ಮುಖ ನೋಡಿದ. ಅವನಿಗೂ ತಿಳಿಯಿತು. "ನಾ ಯಾರಿಗೂ ಹೇಳಂಗಿಲ್ಲ," ಎಂದ.

ಮನೆಗೆ ಬಂದವಳೇ ಅವ್ವನ ಫೋನಿನಿಂದ ಮೇಡಂಗೆ ಫೋನ್ ಮಾಡಿದಳು.

"ಮೇಡಂ, ಡಬ್ಬಿ ಕೆಳಗ ಏನೋ ಅಡ್ಡ ಬಂದೈತ್ರಿ. ಅದನ್ನ ತಗದುಬಿಟ್ರ ಎಲ್ಲಾ ಸರಿ ಆತಲ್ರಿ?"

"ಹೌದೇನು? ನಾನೂ ಮುಂಜಾನಿಂದ ತಲಿ ಕೆಡಿಸ್ಕೊಂಡು ಕುಂತೇನಿ ನೋಡು," ಎಂದರು ಮೇಡಂ. "ಮ್ಯಾಲಿನ ಊರಿನ ಡಬ್ಬಿ ರಿಪೇರಿಗೆ ಬಂದೈತಿ. ಹಂಗಾಗಿ ಕಂಪ್ಯೂಟರ್ ನಿಮ್ಮ ಡಬ್ಬಿ ಹೇಳಿದ್ದನ್ನ ಅಷ್ಟ ನಂಬ್ತು. ಬರೇ ತಗದ್ರ ಮುಗಿಯಂಗಿಲ್ಲವಾ ಮಾಲಾ. ಅದು ದಿನಾ ಕಲಿಯೂ ಮಷೀನು. ಮಳಿ ಇಲ್ದ, ಡ್ಯಾಮಿನ ನೀರಿಲ್ದ ಹೊಳಿ ಒಮ್ಮೆಲೇ ಏರ್ತೈತಿ ಅಂತ ತಪ್ಪು ಕಲ್ತುಬಿಡ್ತೈತಿ. ಯಾವಾಗಿಂದ ಅಡ್ಡ ಇತ್ತು ಅಂತ ಹೇಳು, ಅಷ್ಟೂ ಲೆಕ್ಕ ತಗದು ಹಾಕ್ತೇನಿ. ಯಾರು ಕಟ್ಟಿದ್ರು?"

ಮಾಲಾ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದಳು.

"ಹೆಸರು ಬ್ಯಾಡ ಬಿಡು. ಯಾವಾಗಿಂದ ಅನ್ನೂದು ಹೇಳು, ಸಾಕು."

"ಕೇಳಿ ಹೇಳ್ತೇನ್ರಿ."

ಕೇಳುವುದು ಎಂದರೆ ಆಯಿಯನ್ನೇ ಕೇಳಬೇಕು. ಊರಿಗೆ ಗೊತ್ತಾದರೆ ಆಯಿಯನ್ನು ಬೈಯುತ್ತಾರೆ, ಇಲ್ಲವೇ ನಗುತ್ತಾರೆ. ಗೊತ್ತಾಗದಿದ್ದರೆ ಡಬ್ಬಿಯನ್ನು ಇನ್ನು ಯಾರೂ ನಂಬುವುದಿಲ್ಲ. ನಿಜವಾದ ನೀರು ಬಂದ ದಿನ ಎಲ್ಲರೂ ಹಾಸಿಗೆಯಲ್ಲೇ ಇರುತ್ತಾರೆ.

ಆಯಿ ಕುರಿಹಟ್ಟಿಯಲ್ಲಿ ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದಳು.

"ಆಯಿ, ಡಬ್ಬಿಗೆ ಉಡಿ ಯಾವಾಗ ಕಟ್ಟಿದಿ?"

ಆಯಿಯ ಮುಖ ಅರಳಿತು. "ನೋಡಿದೇನು? ನಿನ್ನಿ ಶುಕ್ರವಾರ ಇತ್ತಲ್ಲ, ಹೊತ್ತು ಮುಳಗೂ ಮುಂದ ಹೋಗಿದ್ನಿ. ಕೈಗೆ ನಿಲುಕಲಿಲ್ಲ. ಜಾಲಿ ಸೊಪ್ಪು ಜಗ್ಗೂ ಕೊಕ್ಕಿ ಕೋಲಿಲೆ ಸಿಗಿಸಿ ಬಂದೇನಿ. ನಮ್ಮ ಕುರಿ ಉಳಿಸಿದಾಕಿಗೆ ಒಂದು ಉಡಿ ಬ್ಯಾಡೇನು?"

ಮಾಲಾ ನೆಲ ನೋಡುತ್ತ ಎಲ್ಲ ಹೇಳಿದಳು. ಬಾವಿಯ ಕೂಗು, ಗಂಟು, ಮೆಸೇಜು. ಆಯಿ ಮರಿಯ ಕಾಲು ಬಿಟ್ಟು ತಲೆ ಎತ್ತಿದಳು.

"ಅಂದ್ರ ಇವತ್ತ ಮಂದಿ ಅಷ್ಟು ಮೋಟಾರು ಎಳದದ್ದು ನನ್ನ ಸಲುವಾಗಿ?"

"ನಾ ಯಾರಿಗೂ ಹೇಳಂಗಿಲ್ಲ ಆಯಿ. ತಬ್ರೇಜನೂ ಹೇಳಂಗಿಲ್ಲ. ಮೇಡಂಗ ಟೈಮ್ ಅಷ್ಟ ಹೇಳ್ತೇನಿ. ಗಂಟು ತಗದು ಸುಮ್ನಿದ್ದುಬಿಡೂನು."

"ಸುಮ್ನ ಹ್ಯಾಂಗ ಇರೂದು? ಮಂದಿ ಅದನ್ನ ಬೈಯಾಕತ್ತಾರಲ್ಲ. ಅದೇನು ಮಾಡೈತಿ ಪಾಪ." ಆಯಿ ಸೆರಗು ಸರಿ ಮಾಡಿಕೊಂಡು ಕೊಕ್ಕೆ ಕೋಲು ಕೈಗೆ ತೆಗೆದುಕೊಂಡಳು. "ನಡಿ."

ಸಂಜೆಗೆ ಗಂಡಸರೆಲ್ಲ ಕಟ್ಟೆಯ ಮೇಲೆ ಮೈಕೈ ನೋವು ಹೇಳಿಕೊಳ್ಳುತ್ತ ಕೂತಿದ್ದರು. ಆಯಿ ನೇರ ಅವರ ಮುಂದೆ ಹೋಗಿ ನಿಂತಳು. ಮಾಲಾ ಅವಳ ಬೆನ್ನ ಹಿಂದೆ ಅಡಗಿದಳು.

"ಡಬ್ಬಿ ಕೆಳಗ ಉಡಿ ಕಟ್ಟಿದಾಕಿ ನಾನ. ಅದು ಅಡ್ಡ ಬಂದು ಡಬ್ಬಿ ಲೆಕ್ಕ ತಪ್ಪೈತಿ," ಎಂದಳು ಆಯಿ.

ಮೊದಲು ಗುರುಲಿಂಗಪ್ಪ ನಗಲು ಶುರು ಮಾಡಿದ. ಕಟ್ಟೆಗೆ ಕಟ್ಟೆಯೇ ನಕ್ಕಿತು. "ಡಬ್ಬಿಗೆ ಉಡಿ ತುಂಬಿದೇನಬೇ ಯಕ್ಕಾ? ಸೀರಿ ಉಡಸೂದು ಯಾವಾಗ?" ಎಂದು ಒಬ್ಬ ಕೇಳಿದ.

ಮಾಲಾಗೆ ಕಿವಿ ಸುಟ್ಟ ಹಾಗಾಯಿತು. ಆಯಿಯ ಸೆರಗು ಜಗ್ಗಿ, ಮನೆಗೆ ಹೋಗೋಣ ಎಂದು ಸನ್ನೆ ಮಾಡಿದಳು. ಆಯಿ ಕದಲಲಿಲ್ಲ. ಕೋಲಿಗೆ ಎರಡೂ ಕೈ ಊರಿಕೊಂಡು, ನಗು ಮುಗಿಯುವ ತನಕ ಕಾದಳು.

"ನಕ್ಕಿದ್ದು ಮುಗೀತಿಲ್ಲೋ? ತಪ್ಪು ನಂದು. ಡಬ್ಬೀದಲ್ಲ. ಅದನ್ನ ಬೈಬ್ಯಾಡ್ರಿ."

ಅಷ್ಟು ಹೇಳಿ ಸೇತುವೆಗೆ ನಡೆದಳು. ಗಂಟನ್ನು ಕೊಕ್ಕೆಯಿಂದ ಬಿಡಿಸಿ ತೆಗೆದಳು. ಆದರೆ ಕೊಟ್ಟ ಉಡಿಯನ್ನು ಮನೆಗೆ ಹೇಗೆ ತರುವುದು? ಕಬ್ಬಿಣದ ತೋಳಿನ ಮೇಲೆ ಕಟ್ಟಲೇ ಎಂದಳು. ಅಲ್ಲಿ ಡಬ್ಬಿಯ ಸೋಲಾರ್ ಪ್ಲೇಟಿಗೆ ಬಿಸಿಲು ತಪ್ಪುತ್ತದೆ ಎಂದಳು ಮಾಲಾ. ಕೊನೆಗೆ ಸೇತುವೆ ಶುರುವಾಗುವಲ್ಲಿ, ಡಬ್ಬಿಯಿಂದ ದೂರ, ಮಾಲಾ ತೋರಿಸಿದ ಕಂಬಕ್ಕೆ ಕಟ್ಟಿದರು. ರಾತ್ರಿ ಊಟಕ್ಕೆ ಮುಂಚೆ ಮಾಲಾ ಮೇಡಂಗೆ ಮೆಸೇಜು ಕಳಿಸಿದಳು: ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯ ತನಕ.

ಆಮೇಲೆ ಒಂದು ವಾರ ಕಳೆದಿರಬೇಕು. ಮೋಟಾರುಗಳೆಲ್ಲ ಮತ್ತೆ ದಂಡೆಗೆ ಇಳಿದಿದ್ದವು. ಶಾಲೆಗೆ ರಜೆ ಇದ್ದ ದಿನ, ಮಾಲಾ ರೊಟ್ಟಿ ತಿನ್ನುತ್ತಿದ್ದಾಗ ಅವ್ವನ ಫೋನು ಕುಂಯ್ ಎಂದಿತು. 'ನಾಳೆ ಬೆಳಗಿನೊಳಗೆ ನಿಮ್ಮೂರಿನ ದಂಡೆ ಮುಳುಗುವ ಸಂಭವವಿದೆ.'

ಮಾಲಾ ಕೈಯಲ್ಲಿ ರೊಟ್ಟಿ ಹಿಡಿದೇ ಓಣಿಗೆ ಓಡಿದಳು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಯಾರಾದರೂ ಏಳುತ್ತಾರೋ ಇಲ್ಲವೋ.

ಗುರುಲಿಂಗಪ್ಪ ಕಟ್ಟೆಯ ಮೇಲೆ ಕೂತು ಫೋನನ್ನೇ ನೋಡುತ್ತಿದ್ದ. ಮಾಲಾಳನ್ನು ಕಂಡು ಕರೆದ. "ಏ ಮಾಲಾ, ಲಗೂನ ಸೇತುವಿಗೆ ಹೋಗಿ ನೋಡು. ಮತ್ಯಾರರ ಉಡಿ ಗಿಡಿ ಕಟ್ಯಾರೇನು."

ಮಾಲಾ ಓಡಿದಳು. ದಾರಿಯಲ್ಲಿ ತಬ್ರೇಜನೂ ಸೇರಿಕೊಂಡ. ಕಟಕಟೆ ಹಿಡಿದು ಬಗ್ಗಿ ನೋಡಿದರು. ಡಬ್ಬಿಯ ಕೆಳಗೆ ದಾರವಿಲ್ಲ, ಗಂಟಿಲ್ಲ, ಏನೂ ಇಲ್ಲ. ತಳದಲ್ಲಿ ಹೊಳೆಯ ನೀರು ಮಾತ್ರ.

"ಹ್ಯಾಂಗ ಹೇಳೂದು ಅವರಿಗೆ? ನಂಬ್ತಾರೋ ಇಲ್ಲೋ," ಎಂದಳು ಮಾಲಾ.

"ಅಲ್ಲಿ ನೋಡು," ಎಂದ ತಬ್ರೇಜ.

ಮಾಲಾ ದಂಡೆಯ ಕಡೆ ತಿರುಗಿದಳು. ಜನ ಆಗಲೇ ಅಲ್ಲಿ ನಿಂತಿದ್ದರು. ಗುರುಲಿಂಗಪ್ಪನ ಹೆಗಲ ಮೇಲೆ ಹಗ್ಗವಿತ್ತು. ಎಲ್ಲರೂ ಸೇತುವೆಯ ಕಡೆಗೆ, ಅವಳ ಕಡೆಗೇ ನೋಡುತ್ತಿದ್ದರು. ಅವಳು ಎರಡೂ ಕೈ ಮೇಲೆತ್ತಿ, ಏನೂ ಇಲ್ಲ ಎಂದು ಆಡಿಸಿದಳು. ಟ್ರ್ಯಾಕ್ಟರು ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಡ್ಯಾಮಿನಿಂದ ಬಿಟ್ಟ ನೀರು ರಾತ್ರಿಯೇ ಬಂದು, ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲು ಕಾಣಲಿಲ್ಲ. ಮೋಟಾರುಗಳು ನಿಂತಿದ್ದ ಜಾಗದಲ್ಲಿ ಕೆಂಪು ನೀರು ಸುಳಿ ತಿರುಗುತ್ತಿತ್ತು. ಮೋಟಾರುಗಳು ದಿಬ್ಬದ ಮೇಲೆ ಸಾಲಾಗಿ, ಹನಿ ನೀರೂ ತಾಕದೆ ನಿಂತಿದ್ದವು. ಆಯಿಯ ಕುರಿಗಳು ಅವುಗಳ ನಡುವೆಯೇ ಮಲಗಿ ಮೆಲುಕು ಹಾಕುತ್ತಿದ್ದವು.

"ಏನಬೇ ಯಕ್ಕಾ, ಈ ಸಲ ಯಾವ ಬಣ್ಣದ ಖಣ?" ಎಂದು ಗುರುಲಿಂಗಪ್ಪ ಆಯಿಯನ್ನು ಕೆಣಕಿದ. ಎಲ್ಲರೂ ನಕ್ಕರು. ಆಯಿಯೂ ನಕ್ಕಳು.

ಅವತ್ತು ಕಟ್ಟೆಯ ಮೇಲೆ ನಕ್ಕವರೂ ಇವರೇ. ಮಾಲಾ ಒಬ್ಬೊಬ್ಬರನ್ನೇ ನೋಡಿದಳು. ಎಲ್ಲರ ಅಂಗೈಯೂ ಹಗ್ಗ ಎಳೆದು ಕೆಂಪಾಗಿತ್ತು. ಈ ಸಲ ಅವಳ ಕಿವಿ ಸುಡಲಿಲ್ಲ. ಆಯಿಯ ಬೆನ್ನ ಹಿಂದಿನಿಂದ ಸರಿದು, ಅವಳ ಪಕ್ಕಕ್ಕೆ ಬಂದು ನಿಂತಳು.